ಕಡಲಾಳದಲ್ಲಿ ಕೆಂಪು ಬಣ್ಣ ಎಲ್ಲಿ ಹೋಯಿತು?

ಕಿರುತೆರೆಯ ಮೇಲೆ ಕಡಲಾಳದ ದೃಶ್ಯಗಳನ್ನು ನೀವು ನೋಡಿಯೇ ಇರುತ್ತೀರಿ. ಕೆಂಪು, ಹಳದಿ, ನೇರಳೆ ಬಣ್ಣದ ಹವಳಗಳು. ಅವುಗಳ ನಡುವೆ ಪಟ್ಟೆಪಟ್ಟೆಯ ಮೀನುಗಳು. ಆದರೆ ಮೊದಲ ಬಾರಿ ಕ್ಯಾಮೆರಾ ಹಿಡಿದು ಮುಳುಗಿದ ಹವ್ಯಾಸಿಯೊಬ್ಬ ತಂದ ಚಿತ್ರಗಳನ್ನು ನೋಡಿದರೆ ನಿಮಗೆ ನಿರಾಸೆಯಾದೀತು. ಎಲ್ಲವೂ ನೀಲಿ ಹಸಿರು, ಎಲ್ಲವೂ ಮಸುಕು. ಮೀನು ದೂರದಲ್ಲೊಂದು ಚುಕ್ಕೆ. ಕ್ಯಾಮೆರಾ ಕೆಟ್ಟಿತ್ತೇ? ಇಲ್ಲ. ನೀರಿನ ಗುಣ ಹಾಗಿದೆ.

ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆ ಎಂಬುದನ್ನು ನೀವು ಶಾಲೆಯಲ್ಲಿ ಕಲಿತಿದ್ದೀರಿ. ನೀರು ಇವುಗಳಲ್ಲಿ ಉದ್ದ ತರಂಗಾಂತರದ ಕೆಂಪನ್ನು ಮೊದಲು ಹೀರಿಕೊಳ್ಳುತ್ತದೆ. ಸುಮಾರು 5 ಮೀಟರ್ ಆಳದಲ್ಲೇ ಕೆಂಪು ಮಂಕಾಗುತ್ತದೆ. ಇನ್ನೂ ಕೆಳಗಿಳಿದಂತೆ ಕಿತ್ತಳೆ, ಆಮೇಲೆ ಹಳದಿ ಮಾಯವಾಗುತ್ತವೆ. 20 ಮೀಟರ್ ಆಳದಲ್ಲಿ ಬೆರಳು ಗೀರಿಕೊಂಡರೆ ರಕ್ತವೂ ಹಸಿರುಗಪ್ಪಾಗಿ ಕಾಣುತ್ತದೆ! ಇಲ್ಲೊಂದು ಸೂಕ್ಷ್ಮವಿದೆ. ಲೆಕ್ಕಕ್ಕೆ ಬರುವುದು ಆಳವೊಂದೇ ಅಲ್ಲ. ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದಾರಿ. ಆದ್ದರಿಂದ ಈ ಹವ್ಯಾಸದ ಮೊದಲ ಪಾಠ: ಹತ್ತಿರ ಹೋಗಿ, ಇನ್ನೂ ಹತ್ತಿರ ಹೋಗಿ. ಒಂದು ಮೀಟರಿನೊಳಗೆ ತೆಗೆದ ಚಿತ್ರಕ್ಕೆ ಬಣ್ಣವೂ ಸ್ಪಷ್ಟತೆಯೂ ಉಳಿಯುತ್ತವೆ.

ನಮ್ಮ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಮುನ್ನ ಕ್ಯಾಮೆರಾಕ್ಕೆ ಬಿಳಿ ಹಾಳೆಯೊಂದನ್ನು ತೋರಿಸುತ್ತೇವೆ. 'ಈ ಬೆಳಕಿನಲ್ಲಿ ಬಿಳಿ ಎಂದರೆ ಇದು' ಎಂದು ಅದಕ್ಕೆ ಕಲಿಸಿದಂತೆ. ಮುಳುಗುಗಾರರೂ ಬಿಳಿ ಫಲಕವೊಂದನ್ನು ಒಯ್ದು, ಆಳ ಬದಲಾದಾಗಲೆಲ್ಲ ಹೀಗೆಯೇ ಮಾಡುತ್ತಾರೆ. ಮೇಲುಮಟ್ಟದ ನೀರಿನಲ್ಲಿ ಇದು ಸಾಕು. ಆದರೆ ಆಳದಲ್ಲಿ, ಬಂದು ತಲುಪದ ಕೆಂಪನ್ನು ಯಾವ ಕ್ಯಾಮೆರಾವೂ ಹುಟ್ಟಿಸಲಾರದು. ಅಲ್ಲಿಗೆ ಬೆಳಕನ್ನು ನಾವೇ ಒಯ್ಯಬೇಕು.

ಒಯ್ದವರ ಕಥೆಯೂ ಸ್ವಾರಸ್ಯಕರ. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾಂ 1893ರಲ್ಲಿ ಕಡಲಿಗಿಳಿದು ಛಾಯಾಚಿತ್ರ ತೆಗೆದಾಗ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಬೀಳಬೇಕಾಗುತ್ತಿತ್ತು. ಮುಂದೆ ಅವರು ಮೆಗ್ನೀಸಿಯಂ ಪುಡಿ ಉರಿಸಿ ಬೆಳಕು ಪಡೆದರು. 1926ರಲ್ಲಿ ಅಮೆರಿಕದ ಫ್ಲಾರಿಡಾ ಬಳಿ ಲಾಂಗ್ಲಿ ಮತ್ತು ಮಾರ್ಟಿನ್ ನೀರಿನೊಳಗೆ ವರ್ಣಚಿತ್ರ ತೆಗೆದದ್ದೂ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿಯೇ. ಹವ್ಯಾಸಿಗಳಿಗೆ ಬಾಗಿಲು ತೆರೆದದ್ದು ಜಾಕ್ ಕುಸ್ಟೋ ಅವರ ಪ್ರೇರಣೆಯಿಂದ ಬಂದ 'ಕ್ಯಾಲಿಪ್ಸೊ' ಕ್ಯಾಮೆರಾ. 1963ರಿಂದ ನಿಕಾನ್ ಕಂಪನಿ ಅದನ್ನು 'ನಿಕಾನೋಸ್' ಎಂಬ ಹೆಸರಿನಲ್ಲಿ ತಯಾರಿಸಿತು. 2001ರಲ್ಲಿ ತಯಾರಿಕೆ ನಿಂತಿತು. ಆಗ ಒಂದು ಸುರುಳಿಗೆ 36 ಚಿತ್ರ. ನೀರಿನೊಳಗೆ ಸುರುಳಿ ಬದಲಿಸುವಂತಿರಲಿಲ್ಲ. ಇಂದು ಡಿಜಿಟಲ್ ಕ್ಯಾಮೆರಾಗಳನ್ನೂ ಮೊಬೈಲ್‌ಗಳನ್ನೂ ನೀರು ಸೋರದ ಪೆಟ್ಟಿಗೆಯೊಳಗಿಟ್ಟು ಒಯ್ಯುತ್ತಾರೆ.

ಈ ಪೆಟ್ಟಿಗೆಯ ಪ್ರಾಣವಿರುವುದು ಒಂದು ರಬ್ಬರ್ ಬಳೆಯಲ್ಲಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್‌ನಲ್ಲಿ ಪೆಟ್ಟಿಗೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಹೊರಗಿನಿಂದ ಸುಮಾರು 3 ಕಿಲೋಗ್ರಾಂ ಹೆಚ್ಚಿನ ಭಾರ! ಬಳೆಯ ಮೇಲೆ ಒಂದು ಕೂದಲು, ಒಂದು ಮರಳ ಕಣ ಕೂತಿದ್ದರೂ ಸಾಕು, ಉಪ್ಪುನೀರು ಒಳನುಗ್ಗುತ್ತದೆ. ಬಳೆಯನ್ನು ಒರೆಸಿ, ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರುವುದು, ಮೇಲೆ ಬಂದ ಕೂಡಲೇ ಪೆಟ್ಟಿಗೆಯನ್ನು ಸಿಹಿನೀರಿನಲ್ಲಿ ಅದ್ದಿಡುವುದು ಅನುಭವಿಗಳ ನಿತ್ಯವ್ರತ.

ವಕ್ರೀಭವನವನ್ನೂ ಮರೆಯಬೇಡಿ. ಮುಖಗವಸಿನ ಚಪ್ಪಟೆ ಗಾಜಿನ ಮೂಲಕ 4 ಮೀಟರ್ ದೂರದ ಮೀನು 3 ಮೀಟರ್ ದೂರದಲ್ಲಿರುವಂತೆ ಕಾಣುತ್ತದೆ. ಕಂಡ ಜಾಗಕ್ಕೆ ಫ್ಲಾಶ್ ತಿರುಗಿಸಿದರೆ ಬೆಳಕು ಮೀನಿನ ಮುಂದೆಯೇ ಬಿದ್ದೀತು. ಕ್ಯಾಮೆರಾ ಪೆಟ್ಟಿಗೆಗೂ ಚಪ್ಪಟೆ ಗಾಜಿದ್ದರೆ ನೋಟದ ಹರವು ಕಿರಿದಾಗುತ್ತದೆ; ಅದಕ್ಕೆಂದೇ ವಿಶಾಲ ದೃಶ್ಯಗಳಿಗೆ ಗುಮ್ಮಟದಾಕಾರದ ಗಾಜನ್ನು ಬಳಸುತ್ತಾರೆ. ಇನ್ನು ಫ್ಲಾಶನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು, ಚಿತ್ರದಲ್ಲಿ ಹಿಮ ಸುರಿದಂತಾಗುತ್ತದೆ. ಆಗುಂಬೆ ಘಾಟಿಯ ಮಂಜಿನಲ್ಲಿ ಬಸ್ಸಿನ ದೊಡ್ಡ ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದಂತೆ ಕಾಣುತ್ತದಲ್ಲ, ಹಾಗೆ. ಆದ್ದರಿಂದ ಫ್ಲಾಶನ್ನು ಉದ್ದ ತೋಳಿಗೆ ಸಿಕ್ಕಿಸಿ, ಬದಿಗೆ ಸರಿಸಿ, ಓರೆಯಾಗಿ ಬೆಳಕು ಬೀರುತ್ತಾರೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕ್ಯಾಮೆರಾ ಕಣ್ಣಿಗಿಟ್ಟ ಮನುಷ್ಯ ಉಳಿದದ್ದನ್ನೆಲ್ಲ ಮರೆಯುತ್ತಾನೆ. ನೆಲದ ಮೇಲೆ ಇದನ್ನು ನಾನು ದಿನವೂ ಕಾಣುತ್ತೇನೆ. ನೀರಿನಲ್ಲಿ ಈ ಮರೆವು ಪ್ರಾಣಕ್ಕೇ ಎರವಾಗಬಹುದು. ಮೀನು ಬೆದರದಿರಲೆಂದು ಉಸಿರು ಬಿಗಿಹಿಡಿಯುವ ಆಸೆಯಾಗುತ್ತದೆ. ಕೂಡದು! 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಉಸಿರೆಳೆದುಕೊಂಡು, ಅದನ್ನು ಬಿಡದೆ ಮೇಲೆ ಬಂದರೆ ಬಾಯ್ಲನ ನಿಯಮದಂತೆ ಶ್ವಾಸಕೋಶದ ಗಾಳಿ ಇಮ್ಮಡಿಯಾಗಲು ಹವಣಿಸುತ್ತದೆ, ಶ್ವಾಸಕೋಶವೇ ಹರಿಯಬಹುದು. ಉಸಿರಾಟ ಎಂದೂ ನಿಲ್ಲಬಾರದು. ಗಾಳಿಯ ಮಾಪಕವನ್ನೂ ಜೊತೆಗಾರನನ್ನೂ ಮತ್ತೆಮತ್ತೆ ನೋಡುತ್ತಿರಬೇಕು.

ಅಪಾಯ ಹವಳಕ್ಕೂ ಇದೆ. ಒಳ್ಳೆಯ ಕೋನಕ್ಕಾಗಿ ಹವಳದ ಮೇಲೆ ಮೊಣಕೈಯೂರಿದರೆ ವರ್ಷಗಳ ಬೆಳವಣಿಗೆ ಕ್ಷಣದಲ್ಲಿ ಮುರಿಯುತ್ತದೆ. ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಮಳೆಗಾಲ ಕಳೆದ ಮೇಲೆ ಹವ್ಯಾಸಿಗಳು ಅಲ್ಲಿ ಮುಳುಗುತ್ತಾರೆ. ಬಂಡೆ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಉಂಟು. ಆದರೆ ನೀರಿನ ಕೆಳಗೆ ಕಾವಲಿಗೆ ಯಾರಿದ್ದಾರೆ? ಮುಳುಗುವವನ ವಿವೇಕವೇ ಕಾವಲು.

ಆದ್ದರಿಂದ ಆಸಕ್ತಿಯುಳ್ಳ ವಿದ್ಯಾರ್ಥಿಗಳೇ, ಮೊದಲು ಚೆನ್ನಾಗಿ ಈಜು ಕಲಿಯಿರಿ. ಆಮೇಲೆ ತರಬೇತಾದ ಶಿಕ್ಷಕರಿಂದ ಮುಳುಗುವುದನ್ನು ಕಲಿಯಿರಿ. ಏನನ್ನೂ ಮುಟ್ಟದೆ ಒಂದೇ ಮಟ್ಟದಲ್ಲಿ ತೇಲಿ ನಿಲ್ಲಲು ಬಂದ ದಿನ ಕ್ಯಾಮೆರಾ ಕೈಗೆತ್ತಿಕೊಳ್ಳಿ. ಅಂದು ಬೆಳಕು ಚೆಲ್ಲಿದಾಗ, ಹಸಿರುಗಪ್ಪಾಗಿ ನಿಂತಿದ್ದ ಮೀನು ತನ್ನ ನಿಜವಾದ ಕೆಂಪನ್ನು ನಿಮಗೆ ತೋರಿಸುತ್ತದೆ.