ಮೂವರು ಮಕ್ಕಳಿಗೊಂದು ಟ್ಯಾಬ್ಲೆಟ್

ಮಲ್ಲೇಶ್ವರದಲ್ಲಿ ನೆಲೆಸಿರುವ ನಿವೃತ್ತ ಎಂಜಿನಿಯರರೂ ಹಳೆಯ ಯಂತ್ರಗಳಲ್ಲಿ ಅಪಾರ ವ್ಯಾಮೋಹವುಳ್ಳವರೂ ಆದ ನನ್ನ ಮಿತ್ರರೊಬ್ಬರು, ಮಾತಿನ ನಡುವೆ ಎದ್ದು ಹೋಗಿ, ಬೀರುವಿನ ಕೆಳಗಿನ ಅರೆಯಿಂದ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ವಸ್ತುವೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. ಅದು ಸಿಂಪ್ಯೂಟರ್ ಎಂಬ ಕೈಗಣಕ. ವೃತ್ತಪತ್ರಿಕೆಗಳಲ್ಲಿ ಅದರ ಚಿತ್ರವನ್ನು ಒಂದು ಕಾಲದಲ್ಲಿ ಪದೇ ಪದೇ ನೋಡಿದ್ದೆನಾದರೂ ಕೈಯಲ್ಲಿ ಹಿಡಿದುದು ಅದೇ ಮೊದಲು. ಬ್ಯಾಟರಿಯ ಜೀವ ಎಂದೋ ಹೋಗಿತ್ತು. ಪರದೆಯ ಮೇಲೆ ಕಡ್ಡಿಯಿಂದ ಗೀಚಿದ ಸಣ್ಣ ಸಣ್ಣ ಗೀರುಗಳು ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುತ್ತಿದ್ದುವು. ಆದರೆ ನನ್ನ ಮಿತ್ರರು ತೋರಿಸಬೇಕೆಂದಿದ್ದುದು ಪರದೆಯನ್ನಲ್ಲ, ಯಂತ್ರದ ಅಂಚಿನಲ್ಲಿದ್ದ ಸೀಳನ್ನು. ಚಿನ್ನದ ಬಣ್ಣದ ಬಿಲ್ಲೆಯಿದ್ದ ಪ್ಲಾಸ್ಟಿಕ್ ಕಾರ್ಡೊಂದನ್ನು ಅದರೊಳಕ್ಕೆ ಸರಿಸಿ, “ಇದರ ಬುದ್ಧಿಯೆಲ್ಲ ಇಲ್ಲಿದೆ” ಎಂದರು.

ನಾನು ಅವರಲ್ಲಿಗೆ ಹೋಗಿದ್ದುದು ಪ್ರಾಚೀನ ವಸ್ತುಗಳ ದರ್ಶನಕ್ಕಾಗಿ ಅಲ್ಲ. ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ತಂಗಿ, ಮಕ್ಕಳ ಓದಿಗೆ ಯಾವ ಟ್ಯಾಬ್ಲೆಟ್ ಕೊಳ್ಳಬೇಕೆಂದು ವಿಚಾರಿಸಿ ತಿಳಿಸುವಂತೆ ಕೇಳಿದ್ದಳು. ಮಕ್ಕಳು ಮೂವರು: ಹಿರಿಯಳು ಎಸ್ಸೆಸ್ಸೆಲ್ಸಿ, ನಡುವಿನವನು ಏಳನೆಯ ತರಗತಿ, ಕೊನೆಯವನು ಮೂರನೆಯದು. ಕೋವಿಡಿನಿಂದ ಶಾಲೆಗಳು ಮುಚ್ಚಿದ್ದ 2020ರ ಆ ಘೋರ ವರ್ಷದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದುದನ್ನು ನಾವೆಲ್ಲ ಬಲ್ಲೆವು. ಶಾಲೆ ತೆರೆದ ಮೇಲೆಯೂ ಆ ಅಭ್ಯಾಸ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಜುಲೈಯಲ್ಲಿ ಮಳೆಯ ರಜೆ ಸಾರಿದೊಡನೆ ಮೇಷ್ಟರ ಪಾಠ ವಾಟ್ಸಾಪಿನಲ್ಲಿ ಬಂದಿಳಿಯುತ್ತದೆ, ಗಣಿತದ ಟ್ಯೂಷನ್ನು ಶಿವಮೊಗ್ಗದಿಂದ ವೀಡಿಯೋ ಮೂಲಕ ನಡೆಯುತ್ತದೆ. ತಂಗಿಯ ಮನೆಯಲ್ಲಿ ಹಣವಿದ್ದುದು ಒಂದು ಉಪಕರಣಕ್ಕೆ. ಬೇಕಾಗಿದ್ದುದು ಮೂವರಿಗೆ. ಈ ವೃತ್ತಾಂತವನ್ನು ಕೇಳಿಯೇ ನನ್ನ ಮಿತ್ರರು ಬೀರುವಿನತ್ತ ನಡೆದುದು.

ಸಿಂಪ್ಯೂಟರಿನ ಕಥೆ ಬೆಂಗಳೂರಿನವರಿಗೆ ಹೊಸದಲ್ಲವಾದುದರಿಂದ ವಿಸ್ತರಿಸುವುದು ಅನಾವಶ್ಯಕ. 1998ರಲ್ಲಿ ಇಲ್ಲಿ ನಡೆದ ವಿಚಾರಗೋಷ್ಠಿಯೊಂದರಲ್ಲಿ ಮೊಳೆತ ಕಲ್ಪನೆ ಅದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್, ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರು ಸೇರಿ ಅದಕ್ಕೆ ರೂಪ ಕೊಟ್ಟರು; 2001ರ ಏಪ್ರಿಲಿನಲ್ಲಿ ಮಾದರಿ ಪ್ರಕಟವಾಯಿತು, 2004ರಲ್ಲಿ ಅಮಿದಾ ಎಂಬ ಹೆಸರಿನಿಂದ ಮಾರಾಟಕ್ಕೂ ಬಂತು. ಲಿನಕ್ಸ್ ಆಧಾರದ ಮೇಲೆ ನಡೆಯುತ್ತಿದ್ದ, 320×240 ಚುಕ್ಕೆಗಳ ಪುಟ್ಟ ಪರದೆಯ ಈ ಯಂತ್ರಕ್ಕೆ ಅಕ್ಷರವನ್ನು ಕನ್ನಡದಲ್ಲಿ ಓದಿ ಹೇಳಬಲ್ಲ ಧ್ವನಿಯನ್ನೂ ಕಲಿಸಲಾಗಿತ್ತು. ಅಮಿದಾ ಆವೃತ್ತಿಯಲ್ಲಂತೂ ಕೈಯ ಚಲನೆಯನ್ನು ಗ್ರಹಿಸುವ ಸಾಧನವಿದ್ದು, ಯಂತ್ರವನ್ನು ಕುಲುಕಿದರೆ ಪುಟ ಮಗುಚುತ್ತಿತ್ತು. ಇಂಥದೇ ಸಾಧನವನ್ನು ಹೊತ್ತು ಐಫೋನ್ ಹುಟ್ಟಿದುದು ಅದಕ್ಕೆ ಮೂರು ವರ್ಷಗಳ ತರುವಾಯ. ಒಂಬತ್ತು ಸಾವಿರ ರೂಪಾಯಿಯೊಳಗೆ ದೊರೆಯಬೇಕೆಂಬ ಆಶಯವಿದ್ದ ಈ ಉಪಕರಣ, ಜಗತ್ತಿನ ಪತ್ರಿಕೆಗಳ ಪ್ರಶಂಸೆಗೆ ಪಾತ್ರವಾಗಿಯೂ ಕೆಲವೇ ಸಾವಿರ ಸಂಖ್ಯೆಯಲ್ಲಿ ಬಿಕರಿಯಾಗಿ, ಅಗ್ಗದ ಮೊಬೈಲು ಫೋನುಗಳ ಪ್ರವಾಹದಲ್ಲಿ ಮುಳುಗಿತು.

ಆದರೆ ಆ ಕಾರ್ಡು! ಇದರ ವಿಷಯದಲ್ಲಿ ನನ್ನ ಪಕ್ಷಪಾತವನ್ನು ವಾಚಕರು ಮನ್ನಿಸಬೇಕು. ಬಡ ದೇಶದಲ್ಲಿ ಪ್ರತಿಯೊಬ್ಬನೂ ಒಂದೊಂದು ಗಣಕವನ್ನು ಕೊಳ್ಳಲಾರನೆಂಬ ಸರಳ ಸತ್ಯವನ್ನು ಅದರ ಕರ್ತೃಗಳು ನಾಚಿಕೆಯಿಲ್ಲದೆ ಒಪ್ಪಿಕೊಂಡು, ಯಂತ್ರ ಊರಿಗೊಂದಿರಲಿ, ಅದರೊಳಗಿನ ತನ್ನತನ ಮಾತ್ರ ಪ್ರತಿಯೊಬ್ಬನ ಕಿಸೆಯಲ್ಲಿರಲಿ ಎಂದು ಬಗೆದರು. ಕಾರ್ಡನ್ನು ಸಿಕ್ಕಿಸಿದರೆ ಅದು ನಿಮ್ಮ ಯಂತ್ರ, ತೆಗೆದರೆ ಮುಂದಿನವನದು. ಊರಿನ ಹಿಟ್ಟಿನ ಗಿರಣಿ ಒಂದೇ ಆದರೂ ರಾಗಿಯ ಚೀಲ ಅವರವರದಾಗಿರುವಂತೆ. ಇದಾದ ಕೆಲವು ವರ್ಷಗಳಲ್ಲಿ ಅಮೆರಿಕದ ನಿಕೊಲಸ್ ನೆಗ್ರೊಪಾಂಟೆ ಅವರು ನೂರು ಡಾಲರಿನ ಲ್ಯಾಪ್‌ಟಾಪನ್ನು ಘೋಷಿಸಿ, ಮಗುವಿಗೊಂದು ಗಣಕ ಎಂಬ ಧ್ಯೇಯವನ್ನು ಲೋಕದ ಮುಂದಿಟ್ಟರು. ಧ್ಯೇಯ ಉದಾತ್ತವೇ, ಆದರೆ ಬೆಲೆ ನೂರು ಡಾಲರಿಗೆ ಇಳಿಯಲೇ ಇಲ್ಲ. ನಮ್ಮ ಸರ್ಕಾರವೂ 2011ರ ಅಕ್ಟೋಬರಿನಲ್ಲಿ ‘ಆಕಾಶ್’ ಟ್ಯಾಬ್ಲೆಟ್ಟನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿ ಅದೇ ಹಾದಿ ಹಿಡಿಯಿತು. 366 ಮೆಗಾಹರ್ಟ್ಸ್‌ನ ಪ್ರೊಸೆಸರು, 256 ಎಂಬಿ ಸ್ಮೃತಿ, ಬೆರಳಿನಿಂದ ಒತ್ತಿ ಒತ್ತಿ ಬೇಡಿಕೊಂಡರಷ್ಟೇ ಓಗೊಡುವ ಪರದೆ: ಅಗ್ಗವೆಂಬುದೊಂದನ್ನೇ ಗುಣವೆಂದು ಭಾವಿಸಿದ ಉಪಕರಣ ಎಂಥದಾಗುವುದೆಂಬುದಕ್ಕೆ ಅದು ನಿದರ್ಶನ. ಹಂಚಿಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನು ಕೇಳಿದುದು ಸಿಂಪ್ಯೂಟರ್ ಒಂದೇ. ಮತ್ತು ಟ್ಯಾಬ್ಲೆಟ್ ಕೊಳ್ಳಹೊರಟಿರುವ ಬಹುಪಾಲು ಮನೆಗಳ ನಿಜವಾದ ಪ್ರಶ್ನೆಯೂ ಅದೇ.

ಈ ಪ್ರಶ್ನೆಗೆ ಇಂದಿನ ಉತ್ತರವಿಲ್ಲದಿಲ್ಲ, ಅಂಗಡಿಯವರು ಹೇಳುವುದಿಲ್ಲ ಅಷ್ಟೆ. 2012ರ ನವೆಂಬರಿನಲ್ಲಿ ಬಂದ ಆಂಡ್ರಾಯ್ಡ್ 4.2ರ ಕಾಲದಿಂದಲೂ ಟ್ಯಾಬ್ಲೆಟ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಬಳಕೆದಾರರಿಗೆ ಪ್ರತ್ಯೇಕ ಖಾತೆಗಳನ್ನು ತೆರೆಯುವ ಅನುಕೂಲವಿದೆ; ಅಕ್ಕನ ಟಿಪ್ಪಣಿಗಳನ್ನು ತಮ್ಮ ಅಳಿಸಲಾರ, ತಮ್ಮನ ಆಟಗಳು ಅಕ್ಕನ ಕಣ್ಣಿಗೆ ಬೀಳವು, ಒಬ್ಬೊಬ್ಬರಿಗೂ ಅವರವರ ತರಗತಿಯ ಕೊಂಡಿಗಳು ಅವರವರಲ್ಲಿಯೇ ಇರುತ್ತವೆ. ಅಂದಿನ ಕಾರ್ಡಿನ ಕೆಲಸವನ್ನು ಇಂದು ಗುಪ್ತಸಂಖ್ಯೆಯೊಂದು ಮಾಡುತ್ತದೆ. ಆದರೆ ಕೆಲವು ತಯಾರಕರು ಈ ಸೌಲಭ್ಯವನ್ನು ತಮ್ಮ ಟ್ಯಾಬ್ಲೆಟ್‌ಗಳಿಂದ ಸದ್ದಿಲ್ಲದೆ ತೆಗೆದುಹಾಕಿರುತ್ತಾರಾದ್ದರಿಂದ, ಕೊಳ್ಳುವ ಮೊದಲು ಸೆಟ್ಟಿಂಗ್ಸಿನೊಳಗೆ ಹೊಕ್ಕು ಬಳಕೆದಾರರ ವಿಭಾಗವಿದೆಯೇ ಎಂದು ಸ್ವತಃ ನೋಡತಕ್ಕದ್ದು. ಐಪ್ಯಾಡಿನ ಭಕ್ತರು ಮುನಿಸಿಕೊಳ್ಳಬಹುದು. ಅದು ಯಂತ್ರವಾಗಿ ಸುಂದರ, ಬಾಳಿಕೆಯಲ್ಲಿ ಶ್ರೇಷ್ಠ, ವರ್ಷಗಟ್ಟಲೆ ತಂತ್ರಾಂಶದ ನವೀಕರಣ ಪಡೆಯುತ್ತದೆ. ಆದರೆ ಹಲವರು ಹಂಚಿಕೊಳ್ಳುವ ವ್ಯವಸ್ಥೆಯನ್ನು ಅದರ ತಯಾರಕರು 2016ರಿಂದಲೂ ಶಾಲೆಗಳಂಥ ಸಂಸ್ಥೆಗಳಿಗೆ ಮಾತ್ರ ಕೊಟ್ಟಿದ್ದಾರೆಯೇ ಹೊರತು ಮನೆಗಲ್ಲ. ಮನೆಯಲ್ಲಿ ಅದು ಒಬ್ಬನ ಸ್ವತ್ತು. ಮೂವರು ಮಕ್ಕಳ ತಾಯಿಗೆ ಇದಕ್ಕಿಂತ ದೊಡ್ಡ ಅನನುಕೂಲವನ್ನು ನಾನರಿಯೆ.

ಖಾತೆ ಮೂರಾದರೂ ಗಂಟೆ ಒಂದೇ ಅಲ್ಲವೆ ಎಂದು ಕೇಳಬಹುದು. ನಿಜ, ಏಕಕಾಲದಲ್ಲಿ ಇಬ್ಬರಿಗೆ ತರಗತಿಯಿದ್ದರೆ ಯಾವ ತಂತ್ರಾಂಶವೂ ರಕ್ಷಿಸದು. 2020ರ ಜುಲೈಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿ, ಎಂಟನೆಯ ತರಗತಿಯವರೆಗಿನವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ, ಒಂಬತ್ತರಿಂದ ಮೇಲಿನವರಿಗೆ ನಾಲ್ಕು ಅವಧಿ ಮೀರಬಾರದೆಂದು ವಿಧಿಸಿತ್ತು. ಆ ಲೆಕ್ಕದಲ್ಲಿ ಒಂದೇ ಟ್ಯಾಬ್ಲೆಟ್ಟು ಮೂವರಿಗೂ ಸಾಕಾಗಿ ಇನ್ನೂ ವಿರಾಮ ಉಳಿಯುತ್ತದೆ. ಆ ದಿನಗಳಲ್ಲಿ ಚಂದನ ವಾಹಿನಿಯಲ್ಲಿ ಬಿತ್ತರವಾದ ‘ಸಂವೇದ’ ಪಾಠಗಳಿಗೆ ಟ್ಯಾಬ್ಲೆಟ್ಟೂ ಬೇಕಿರಲಿಲ್ಲ, ಸಿಗ್ನಲ್ಲೂ ಬೇಕಿರಲಿಲ್ಲ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಇನ್ನು ಪರದೆ. ಮಾರುವವರು ಇದನ್ನು ಸಿನಿಮಾ ನೋಡುವವರ ದೃಷ್ಟಿಯಿಂದ ವರ್ಣಿಸುತ್ತಾರೆ; ನಾವು ಒತ್ತಕ್ಷರದ ದೃಷ್ಟಿಯಿಂದ ಪರೀಕ್ಷಿಸಬೇಕು. ಇಂಗ್ಲಿಷಿನ ಅಕ್ಷರ ಸಾಲಿನ ಮೇಲೆ ಕುಳಿತುಬಿಟ್ಟರೆ ಮುಗಿಯಿತು. ಕನ್ನಡದ್ದಾದರೋ ಸಾಲಿನ ಕೆಳಗೂ ಸಂಸಾರ ಹೂಡುತ್ತದೆ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯಲ್ಲಿ ತಕಾರದ ಬುಡಕ್ಕೆ ರಕಾರ, ಅದರ ಪಕ್ಕಕ್ಕೆ ಯಕಾರ ನೇತುಬಿದ್ದಿರುವಾಗ, ಪುಟ ಕುಗ್ಗಿದರೆ ಮೊದಲು ಕರಗಿಹೋಗುವುದು ಈ ಕೆಳಗಿನವರೇ. ಲೆಕ್ಕ ಹಾಕಿ ನೋಡಿದೆ. ಶಾಲೆಯಿಂದ ಬರುವ ಎ4 ಹಾಳೆಯ ಅಗಲ 21 ಸೆಂಟಿಮೀಟರು. ಎಂಟು ಅಂಗುಲದ ಟ್ಯಾಬ್ಲೆಟ್ಟನ್ನು ನಿಲ್ಲಿಸಿ ಹಿಡಿದರೆ ಪರದೆಯ ಅಗಲ ಹನ್ನೊಂದು ಸೆಂಟಿಮೀಟರನ್ನೂ ಮುಟ್ಟದು. ಅಂದರೆ 12 ಪಾಯಿಂಟಿನ ಅಕ್ಷರ ಆರಕ್ಕೆ ಇಳಿಯುತ್ತದೆ, ಪಂಚಾಂಗದ ಅಡಿಟಿಪ್ಪಣಿಯಷ್ಟಾಗುತ್ತದೆ. ಹತ್ತು ಅಂಗುಲದ ಉದ್ದನೆಯ ಆಂಡ್ರಾಯ್ಡ್ ಪರದೆಯಲ್ಲಿ ಅದೇ ಅಕ್ಷರ ಸುಮಾರು ಎಂಟು ಪಾಯಿಂಟು. ಹೆಚ್ಚು ಚೌಕವಾದ 10.2 ಅಂಗುಲದ ಐಪ್ಯಾಡಿನಲ್ಲಿ ಒಂಬತ್ತಕ್ಕೆ ತುಸು ಕಡಿಮೆ. ಈ ಒಂದು ಪಾಯಿಂಟಿಗಾಗಿ ಬಹಳ ಹೆಚ್ಚಿನ ಹಣ ತೆರುವುದು ನನಗಂತೂ ಯುಕ್ತವೆನಿಸಲಿಲ್ಲ. ಗಾತ್ರಕ್ಕಿಂತ ಸೂಕ್ಷ್ಮವಾದುದು ಸಾಂದ್ರತೆ: ಅದೇ ಹತ್ತು ಅಂಗುಲದಲ್ಲಿ 1280×800 ಚುಕ್ಕೆಗಳಿದ್ದರೆ ಅಂಗುಲಕ್ಕೆ ಸುಮಾರು 150, 1920×1200 ಇದ್ದರೆ ಸುಮಾರು 224. ಮೊದಲನೆಯದರಲ್ಲಿ ‘ರಾಷ್ಟ್ರ’ದ ಒತ್ತು ಒಂದು ಕಪ್ಪು ಮಚ್ಚೆ, ಎರಡನೆಯದರಲ್ಲಿ ಅದು ಟಕಾರವೆಂದೂ ರಕಾರವೆಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಅಂಗಡಿಗೆ ಹೋಗುವಾಗ ಏಳನೆಯ ತರಗತಿಯ ಕನ್ನಡ ಪಠ್ಯದ ಪಿಡಿಎಫ್ ಪ್ರತಿಯನ್ನು ಫೋನಿನಲ್ಲಿ ಒಯ್ದು, ಪ್ರದರ್ಶನಕ್ಕಿಟ್ಟ ಟ್ಯಾಬ್ಲೆಟ್ಟಿನಲ್ಲಿ ತೆರೆದು ನೋಡಿದೆ; ಮಾರುವ ಹುಡುಗ ನನ್ನನ್ನು ವಿಚಿತ್ರ ಪ್ರಾಣಿಯೆಂದು ಭಾವಿಸಿದಂತಿತ್ತಾದರೂ, ಅಷ್ಟರಿಂದಲೇ ಎರಡು ಮಾದರಿಗಳು ಸ್ಪರ್ಧೆಯಿಂದ ಹೊರಬಿದ್ದುವು.

ಉಳಿದ ಗುಣಗಳನ್ನು ಕುರಿತು ಬಹಳ ಹೇಳಬೇಕಿಲ್ಲ. ಖಾತೆಗಳು ಮೂರಾದಾಗ 2 ಜಿಬಿ ಸ್ಮೃತಿಯ ಯಂತ್ರ ತೆವಳುತ್ತದೆ, 4 ಜಿಬಿ ಕನಿಷ್ಠ. ಸಂಗ್ರಹ 64 ಜಿಬಿ, ಮೆಮೊರಿ ಕಾರ್ಡಿಗೆ ಜಾಗವಿದ್ದರೆ ಇನ್ನೂ ಒಳ್ಳೆಯದು. ಮಲೆನಾಡಿನ ಮನೆಗೆ ವೈಫೈ ಮಾತ್ರವಿರುವ ಮಾದರಿ ಅಲಂಕಾರದ ವಸ್ತು. ಸಿಮ್ ಇರಲೇಬೇಕು, ಕಿಟಕಿಯ ಯಾವ ಮೂಲೆಯಲ್ಲಿ ಯಾವ ಕಂಪನಿಯ ಸಿಗ್ನಲ್ ನಿಲ್ಲುತ್ತದೆಂಬುದನ್ನು ಮಕ್ಕಳೇ ಹೇಳಬಲ್ಲರು. ಪಠ್ಯಪುಸ್ತಕದಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತವನ್ನು ಹಿಡಿದು ‘ದೀಕ್ಷಾ’ದ ಪಾಠಗಳನ್ನು ತೆರೆಯಬೇಕಾದುದರಿಂದ ಹಿಂಬದಿಯ ಕ್ಯಾಮೆರಾ ಸ್ಪಷ್ಟವಾಗಿರಬೇಕು, ಪಾಠಗಳನ್ನು ಸಿಗ್ನಲ್ ಇರುವ ಹೊತ್ತಿನಲ್ಲಿ ಇಳಿಸಿಟ್ಟುಕೊಂಡು ಆಮೇಲೆ ನೋಡಬಹುದು. ಸ್ಟೈಲಸ್ ಎಂಬ ಬರೆಯುವ ಕಡ್ಡಿಯ ವಿಷಯದಲ್ಲಿ ನಾನು ಸಂಶಯವಾದಿ. ಪರದೆಯೊಳಗೆ ಅದಕ್ಕೆಂದೇ ಪ್ರತ್ಯೇಕ ಪದರವಿದ್ದು, ಅಂಗೈ ಊರಿದರೂ ಗೀರು ಬೀಳದ ದುಬಾರಿ ಯಂತ್ರಗಳಲ್ಲಿ ಅದು ಸೊಗಸಾದುದೇ. ಆದರೆ ರಬ್ಬರಿನ ತುದಿಯ ಅಗ್ಗದ ಕಡ್ಡಿಯಿಂದ ಬೀಜಗಣಿತ ಬಿಡಿಸುವುದು ಶಿಕ್ಷೆ. ಲೆಕ್ಕವನ್ನು ನೋಟುಪುಸ್ತಕದಲ್ಲಿ ಪೆನ್ನಿನಿಂದ ಮಾಡಿ, ಫೋಟೋ ತೆಗೆದು ಮೇಷ್ಟರಿಗೆ ಕಳುಹಿಸುವುದೇ ಲೇಸು. ಎಸ್ಸೆಸ್ಸೆಲ್ಸಿ ಪರೀಕ್ಷೆ ಇನ್ನೂ ಕಾಗದದ ಮೇಲೆಯೇ ನಡೆಯುತ್ತಿರುವುದನ್ನು ಕೆಲವರು ಮರೆತಂತಿದೆ.

ಕೊನೆಗೆ ತಂಗಿ ಕೊಂಡುದು ಹತ್ತು ಅಂಗುಲದ, ಸಿಮ್ ಇರುವ, 4 ಜಿಬಿಯ ಆಂಡ್ರಾಯ್ಡ್ ಯಂತ್ರವನ್ನು. ಉಳಿದ ಹಣದಲ್ಲಿ ದಪ್ಪನೆಯ ರಬ್ಬರು ಕವಚವೊಂದು ಬಂತು. ಹಿರಿಯಳಿಗೂ ನಡುವಿನವನಿಗೂ ನಾನೇ ಫೋನಿನ ಮೂಲಕ ಹೇಳಿಕೊಟ್ಟು ಖಾತೆ ತೆರೆಸಿದೆ. ಮೂರನೆಯ ತರಗತಿಯವನಿಗೂ ಬೇಕೆ ಎಂಬ ವಿಷಯದಲ್ಲಿ ಮಾತ್ರ ನನಗೂ ತಂಗಿಗೂ ಒಮ್ಮತವಾಗಲಿಲ್ಲ. 2020ರ ಜೂನಿನಲ್ಲಿ ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವೇ ಬೇಡವೆಂದು ನಮ್ಮ ರಾಜ್ಯ ಸರ್ಕಾರ ನಿರ್ಧರಿಸಿತ್ತೆಂಬುದನ್ನು ನಾನು ನೆನಪಿಸಿದೆ. ಮರುತಿಂಗಳೇ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತೆಂದು ಅವಳು ತಿರುಗಿ ನೆನಪಿಸಿದಳು. ಅವನಿಗೆ ಕಥೆ ಕೇಳಲು ದಿನಕ್ಕೆ ಅರ್ಧ ಗಂಟೆಯ ಖಾತೆಯೊಂದು ಸಿಕ್ಕಿದೆ. ಅದರ ಗುಪ್ತಸಂಖ್ಯೆ ತಾಯಿಯೊಬ್ಬಳಿಗೇ ಗೊತ್ತು ಎಂದು ಅವಳು ನಂಬಿದ್ದಾಳೆ.