ಮನೆಮಾತು, ಶಾಲೆಯ ಮಾತು

ಬೋನಾಳ, ಸುರಪುರ, ಶಹಾಪುರಗಳ ಈ ನಾಡು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಮನೆಯಲ್ಲಿ, ಹೊಲದಲ್ಲಿ ಕನ್ನಡ; ಕಚೇರಿಯಲ್ಲಿ, ಮೇಲಿನ ತರಗತಿಗಳಲ್ಲಿ ಉರ್ದು.

1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಾಧನೆಯನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಅದಕ್ಕಾಗಿ ಭಾಷಾಂತರ ಸಂಸ್ಥೆಯೊಂದನ್ನೇ ಕಟ್ಟಿ, ವಿಜ್ಞಾನ, ವೈದ್ಯಗಳನ್ನೂ ಉರ್ದುವಿನಲ್ಲಿ ಬೋಧಿಸಿದರು. ದೇಶಭಾಷೆಗಳಿಗೆ ಆ ಶಕ್ತಿಯಿಲ್ಲವೆಂಬ ಮಾತು ಸುಳ್ಳಾಯಿತು. ಆದರೆ ಉರ್ದುವಿಗೆ ಸಂದ ನ್ಯಾಯ ಸಂಸ್ಥಾನದ ಬಹುಜನರ ಮಾತುಗಳಾದ ತೆಲುಗು, ಮರಾಠಿ, ಕನ್ನಡಗಳಿಗೆ ಸಲ್ಲಲಿಲ್ಲ. ನಮ್ಮ ಹಳ್ಳಿಯ ಹುಡುಗ ಪಾಠ ತಿಳಿಯುವ ಮುನ್ನ ಪಾಠದ ಭಾಷೆಯನ್ನು ಕಲಿಯಬೇಕಿತ್ತು.

ದೂರದ ಟಾಂಜಾನಿಯಾದಲ್ಲಿಯೂ ಇಂಥದೇ ಹೊಸ್ತಿಲೊಂದುಂಟು. 1967ರಿಂದ ಅಲ್ಲಿನ ಪ್ರಾಥಮಿಕ ಶಾಲೆ ಸ್ವಾಹಿಲಿಗೆ ಒಲಿಯಿತು. ಪ್ರೌಢಶಾಲೆ ಇಂಗ್ಲಿಷಿನಲ್ಲಿಯೇ ಉಳಿಯಿತು. ಅರಿತ ಮಗುವೂ ಅಲ್ಲಿಗೆ ಬಂದು ಮೂಕವಾಗುತ್ತದೆ.

1956ರ ಏಕೀಕರಣದಿಂದ ನಮ್ಮ ಶಾಲೆಗಳಲ್ಲಿ ಕನ್ನಡ ನೆಲೆಗೊಂಡಿತು. 2019ರಿಂದ ಸರ್ಕಾರಿ ಶಾಲೆಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದ ತರಗತಿಗಳು ತೆರೆದಿವೆ. ಅನ್ನದ ಚಿಂತೆಯಿಂದ ಇಂಗ್ಲಿಷನ್ನು ಬಯಸುವ ತಂದೆತಾಯಿಯರನ್ನು ನಾನು ದೂರಲಾರೆ. ಮೊದಲ ತಿಳಿವು ಮನೆಮಾತಿನಲ್ಲಿ ಮೂಡಲಿ, ಇತರ ಭಾಷೆಗಳು ಅದರ ಬಲದಿಂದ ಬರಲಿ ಎಂದಷ್ಟೇ ನನ್ನ ವಿನಂತಿ.

ಈ ವಿನಂತಿ ನಮ್ಮ ಮೇಲೆಯೂ ಹೊಣೆ ಹೊರಿಸುತ್ತದೆ. ತಾಂಡಾದಿಂದ ಬರುವ ಲಂಬಾಣಿ ಮಗುವಿಗೆ ಇಂದು ನಮ್ಮ ಕನ್ನಡವೇ ಆ ಎತ್ತರದ ಹೊಸ್ತಿಲು. ಒಮ್ಮೆ ಅದನ್ನು ಎಡವಿದ ನಾವು ಆ ಮಗುವಿಗೆ ಕೈ ನೀಡದಿದ್ದರೆ, ಇನ್ನಾರು ನೀಡಿಯಾರು?