ಗ್ಯಾಸ್ ಇಲ್ಲದ ವೆಲ್ಡಿಂಗ್ ಯಂತ್ರ: ಮನೆಯಲ್ಲಿ ಎಷ್ಟು, ಮೈಸೂರಿನಲ್ಲಿ ಎಷ್ಟು?

ಮಳೆಗಾಲ ಮುಗಿದು ಅಡಿಕೆ ಕೊಯ್ಲು, ಕಾಫಿ ಹಣ್ಣಿನ ಕೆಲಸ ಆರಂಭವಾಗುವ ಮುನ್ನ ನಮ್ಮ ಬೆಳೆಗಾರರ ಜೀಪು, ಪಿಕಪ್, ಟ್ರೇಲರುಗಳು ರಿಪೇರಿಗೆಂದು ಮೈಸೂರಿನ ದಾರಿ ಹಿಡಿಯುತ್ತವೆ. ಮಡಿಕೇರಿ ಕಡೆಯವರಿಗೆ ಇದು ಸುಮಾರು 120 ಕಿಲೋಮೀಟರ್ ಪ್ರಯಾಣ. ತೂತು ಬಿದ್ದ ತಗಡಿಗೆ ತೇಪೆ ಹಾಕುವುದು ಒಂದೆರಡು ಗಂಟೆಯ ಕೆಲಸ. ಆದರೆ ಹೋಗಿ, ಟಿಂಕರ್ ಬಳಿ ಸರದಿ ಕಾದು, ಮರಳಿ ಬರುವುದರೊಳಗೆ ಎರಡು ದಿನ ಕಳೆದಿರುತ್ತದೆ. ಈ ಕಾರಣದಿಂದಲೇ ಗ್ಯಾಸ್ ಸಿಲಿಂಡರ್ ಬೇಡದ ಸಣ್ಣ ವೆಲ್ಡಿಂಗ್ ಯಂತ್ರವನ್ನು ಕೊಳ್ಳಬಹುದೇ ಎಂದು ಸದಸ್ಯರು ನಮ್ಮನ್ನು ಕೇಳುತ್ತಿದ್ದಾರೆ. ಕೊಳ್ಳಬಹುದು. ಆದರೆ ಅದರಿಂದ ಯಾವ ಕೆಲಸ ಮಾಡಬೇಕು, ಯಾವುದಕ್ಕೆ ಕೈ ಹಾಕಕೂಡದು ಎಂಬುದು ಯಂತ್ರದ ಬೆಲೆಗಿಂತ ಮುಖ್ಯ. ಏಕೆಂದರೆ ನಾವು ಬೆಸುಗೆ ಹಾಕಿದ ಗಾಡಿಯಲ್ಲಿ ನಮ್ಮ ಮನೆಯವರೂ ತೋಟದ ಆಳುಗಳೂ ಕೂರುತ್ತಾರೆ.

ನಮ್ಮ ಗಾಡಿಗೆ ತುಕ್ಕು ಬೇಗ ಏಕೆ?

ಬೋರ್ಡೋ ದ್ರಾವಣ ತಯಾರಿಸುವಾಗ ನಾವು ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಅಲಗಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುತ್ತೇವೆ. ಆ ಕೆಂಪು ಲೇಪ ತಾಮ್ರ. ತಾಮ್ರ ಕೂರುವಾಗ ಅಷ್ಟು ಕಬ್ಬಿಣ ಕರಗಿಹೋಗುತ್ತದೆ. ಮೈಲುತುತ್ತದ ಚೀಲ ಹರಿದು ಜೀಪಿನ ತಳದ ಮೇಲೆ ಪುಡಿ ಚೆಲ್ಲಿ, ಅದಕ್ಕೆ ಮಳೆನೀರು ಸೇರಿದರೆ ಅಲ್ಲಿಯೂ ಇದೇ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ತುಕ್ಕನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಆದುದರಿಂದ ಮೊದಲ ರಿಪೇರಿ ಎಂದರೆ ನೀರು ಹಾಕಿ ತೊಳೆಯುವುದು, ಮ್ಯಾಟ್ ಎತ್ತಿ ಒಣಗಿಸುವುದು. ಅದಕ್ಕೆ ಯಂತ್ರ ಬೇಕಿಲ್ಲ.

ಯಂತ್ರದ ಗುಣ

ಕರಗಿದ ಕಬ್ಬಿಣಕ್ಕೆ ಗಾಳಿ ತಾಗಿದರೆ ಬೆಸುಗೆ ಗುಳ್ಳೆ ಗುಳ್ಳೆಯಾಗಿ ಕೆಡುತ್ತದೆ. ದೊಡ್ಡ ಗ್ಯಾರೇಜುಗಳಲ್ಲಿ ಸಿಲಿಂಡರಿನಿಂದ ಗ್ಯಾಸ್ ಹಾಯಿಸಿ ಇದನ್ನು ತಡೆಯುತ್ತಾರೆ. ಗ್ಯಾಸ್ ಇಲ್ಲದ ವಿಧಾನದಲ್ಲಿ ತಂತಿಯೇ ಟೊಳ್ಳು. ಒಳಗೆ ತುಂಬಿದ ಪುಡಿ ಉರಿದು ರಕ್ಷಣೆಯ ಹೊಗೆಯನ್ನೂ ಬೆಸುಗೆಯ ಮೇಲೆ ಕಿಟ್ಟದ ಹೊದಿಕೆಯನ್ನೂ ಕೊಡುತ್ತದೆ. 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಈ ತಂತಿಯ ದೊಡ್ಡ ಅನುಕೂಲವೆಂದರೆ, ಗಾಳಿ ಬೀಸುವ ತೆರೆದ ಕೊಟ್ಟಿಗೆಯಲ್ಲಿಯೂ ಕೆಲಸ ನಡೆಯುತ್ತದೆ. ಅನಾನುಕೂಲವೆಂದರೆ ಹೊಗೆ ಹೆಚ್ಚು, ಕಿಡಿ ಹೆಚ್ಚು, ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ತೆಗೆಯಬೇಕು.

ಹೊಸಬರು ಗಮನಿಸಬೇಕಾದ ಅಂಶಗಳು ನಾಲ್ಕು. ಒಂದು, ಈ ತಂತಿಗೆ ಟಾರ್ಚ್ ಮೈನಸ್ ತುದಿಗೆ, ಅರ್ತ್ ಕ್ಲಾಂಪ್ ಪ್ಲಸ್ ತುದಿಗೆ ಇರಬೇಕು. ಗ್ಯಾಸ್ ವೆಲ್ಡಿಂಗಿನಲ್ಲಿ ಇದು ತಿರುಗುಮುರುಗು. ಎರಡು, ಟಾರ್ಚಿನ ತುದಿಯಿಂದ ತಂತಿ ಸುಮಾರು 12ರಿಂದ 18 ಮಿ.ಮೀ. ಹೊರಗಿರಲಿ, ಟಾರ್ಚನ್ನು ಮುಂದಕ್ಕೆ ತಳ್ಳದೆ ಹಿಂದಕ್ಕೆ ಎಳೆಯುತ್ತ ಹೋಗಬೇಕು. ಮೂರು, ತಂತಿ ತೇವ ಹೀರುತ್ತದೆ. ತೇವವಾದ ತಂತಿಯ ಬೆಸುಗೆಯ ಮೇಲೆ ಹುಳು ಹರಿದಂತಹ ಗೆರೆಗಳು ಮೂಡುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಸುರುಳಿಯನ್ನು ಯಂತ್ರದೊಳಗೆ ಬಿಡದೆ ಗಾಳಿಯಾಡದ ಡಬ್ಬಿಯಲ್ಲಿಡಿ. ನಾಲ್ಕು, ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಇ71ಟಿ-ಜಿಎಸ್ ತಂತಿ ಒಂದೇ ಪದರದ ಬೆಸುಗೆಗೆ ಮಾತ್ರ ತಯಾರಾದದ್ದು. ದಪ್ಪ ಕಬ್ಬಿಣಕ್ಕೆ ಪದರದ ಮೇಲೆ ಪದರ ಹಾಕಲು ಅದು ತಕ್ಕದ್ದಲ್ಲ.

ಗೆರೆ ಎಲ್ಲಿ ಎಳೆಯಬೇಕು?

ಹಳೆಯ ಜೀಪು, ಬೊಲೆರೊ ಪಿಕಪ್ ಮುಂತಾದವುಗಳಲ್ಲಿ ಭಾರ ಹೊರುವುದು ಏಣಿಯಾಕಾರದ ಚಾಸಿಸ್. ಮೇಲಿನ ತಗಡು ಹೊದಿಕೆ ಮಾತ್ರ. ಇಂತಹ ಗಾಡಿಯ ತಳದ ತಗಡು, ಮಡ್‌ಗಾರ್ಡ್, ಟ್ರೇಲರಿನ ಪಕ್ಕದ ಹಲಗೆ, ಬಾಗಿಲಿನ ಕೆಳಭಾಗ ಇವಕ್ಕೆ ಮನೆಯಲ್ಲಿ ಧಾರಾಳವಾಗಿ ತೇಪೆ ಹಾಕಬಹುದು. ಆದರೆ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಂತಹ ಕಾರುಗಳಿಗೆ ಬೇರೆ ಚಾಸಿಸ್ ಇಲ್ಲ. ತಳ, ಬಾಗಿಲ ಕೆಳಗಿನ ಪೆಟ್ಟಿಗೆಯಂತಹ ತೊಲೆ, ಕಂಬಗಳು ಎಲ್ಲವೂ ಸೇರಿಯೇ ಗಾಡಿಯ ಬೆನ್ನೆಲುಬು. ಅಲ್ಲಿ ತಗಡಿನಂತೆ ಕಾಣುವುದೂ ಭಾರ ಹೊರುವ ಅಂಗವೇ. ಹೊಸ ಕಾರುಗಳ ಕಂಬಗಳಲ್ಲಿ ಬಳಸುವ ಹೆಚ್ಚು ಬಲದ ಉಕ್ಕು ಬೆಸುಗೆಯ ಕಾವಿಗೆ ತನ್ನ ಬಲ ಕಳೆದುಕೊಳ್ಳುತ್ತದೆ.

ಆದುದರಿಂದ ಚಾಸಿಸ್, ಆಕ್ಸಲ್, ಸ್ಪ್ರಿಂಗಿನ ಕೊಂಡಿ, ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್ ಬಿಗಿದ ಜಾಗ, ಟ್ರೇಲರಿನ ಎಳೆಗೊಂಡಿ ಇವು ಮನೆಯ ಕೆಲಸವಲ್ಲ. ಹೊರಗೆ ಅಂದವಾಗಿ ಕಾಣುವ ಬೆಸುಗೆ ಒಳಗೆ ಕಚ್ಚದೆಯೇ ಇರಬಹುದು. ಭಾರ ತುಂಬಿದ ಟ್ರೇಲರ್ ಇಳಿಜಾರಿನಲ್ಲಿ ಕಳಚಿಕೊಂಡ ಮೇಲೆ ಅದನ್ನು ತಿಳಿಯುವುದರಿಂದ ಪ್ರಯೋಜನವಿಲ್ಲ. ಇಂತಹ ಕೆಲಸಕ್ಕೆ ಮೈಸೂರಿಗೆ ಹೋಗುವ ಎರಡು ದಿನ ನಷ್ಟವೆಂದು ಎಣಿಸಬೇಡಿ.

ಕೆಲಸದ ಕ್ರಮ

ಮೊದಲು ಬ್ಯಾಟರಿಯ ಮೈನಸ್ ವಯರ್ ಕಳಚಿ. ಎಲೆಕ್ಟ್ರಾನಿಕ್ ಕಂಟ್ರೋಲ್ ಇರುವ ಹೊಸ ಗಾಡಿಯಾದರೆ ತಯಾರಕರ ಪುಸ್ತಕದಲ್ಲಿ ಹೇಳಿದಂತೆ ಅದರ ಸಂಪರ್ಕವನ್ನೂ ತೆಗೆಯಿರಿ. ಅರ್ತ್ ಕ್ಲಾಂಪನ್ನು ಬೆಸುಗೆಯ ಹತ್ತಿರದ ಹೊಳೆಯುವ ಲೋಹಕ್ಕೇ ಕಚ್ಚಿಸಬೇಕು. ದೂರ ಕಚ್ಚಿಸಿದರೆ ಕರೆಂಟು ಬೇರಿಂಗುಗಳ ಮೂಲಕ ಹರಿದು ಅವುಗಳನ್ನು ಕೆಡಿಸುತ್ತದೆ. ಯಂತ್ರದ ಫಲಕದಲ್ಲಿ ಬರೆದ ಆಂಪಿಯರ್ ನೋಡಿ ಅದಕ್ಕೆ ತಕ್ಕ ಪ್ಲಗ್, ವಯರಿಂಗ್, ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಖಚಿತಪಡಿಸಿಕೊಳ್ಳಿ. ಒದ್ದೆ ನೆಲದ ಮೇಲೆ ನಿಂತು ಕೆಲಸ ಮಾಡಬೇಡಿ.

ತುಕ್ಕಿನ ಮೇಲೆ ಬೆಸುಗೆ ಕೂರದು. ಗಟ್ಟಿ ಲೋಹ ಸಿಗುವವರೆಗೆ ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಅಂಚನ್ನು ಗ್ರೈಂಡರಿನಿಂದ ಉಜ್ಜಿ. ತೇಪೆಯನ್ನು ಅಂಚಿನ ಮೇಲೆ ಸ್ವಲ್ಪ ಹೊದಿಸಿ ಕ್ಲಾಂಪ್ ಬಿಗಿಯಿರಿ. 1 ಮಿ.ಮೀ. ಆಸುಪಾಸಿನ ತಗಡಿಗೆ ಒಂದೇ ಎಳೆಯಲ್ಲಿ ಬೆಸುಗೆ ಎಳೆದರೆ ಅದು ತೂತಾಗುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಆದ್ದರಿಂದ ಒಂದು ಚುಕ್ಕೆ ಈ ತುದಿಗೆ, ಮತ್ತೊಂದು ಆ ತುದಿಗೆ ಹಾಕಿ, ನಡುನಡುವೆ ತಣಿಯಲು ಬಿಟ್ಟು, ಚುಕ್ಕೆಗಳನ್ನು ಕೂಡಿಸುತ್ತ ಬನ್ನಿ. ಹಿಂಬದಿಗೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಕಾವನ್ನು ಅದು ಹೀರಿಕೊಳ್ಳುತ್ತದೆ. ಮೊದಲು ಅದೇ ದಪ್ಪದ ರದ್ದಿ ತಗಡಿನ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಕೊನೆಗೆ ಕಿಟ್ಟ ತೆಗೆದು, ರೆಡ್ ಆಕ್ಸೈಡ್ ಹಚ್ಚಿ, ಸಂದಿಗೆ ಸೀಲರ್ ತುಂಬಿ, ಎರಡೂ ಬದಿಗೆ ಬಣ್ಣ ಬಳಿಯಿರಿ. ಇದನ್ನು ಬಿಟ್ಟರೆ ಮುಂದಿನ ಮಳೆಗೆ ತೇಪೆಯ ಸುತ್ತಲೇ ತುಕ್ಕು ಏಳುತ್ತದೆ.

ಹೊಗೆ ಮತ್ತು ಬೆಂಕಿ

ಉಳಿದ ಜಿ.ಐ. ತಗಡನ್ನು ತೇಪೆಗೆ ಬಳಸುವ ಅಭ್ಯಾಸ ಕೆಲವರಲ್ಲಿದೆ. ಅದರ ಸತುವಿನ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ, ಬೆಲ್ಲ ತಿಂದರೆ ತಡೆಯಬಹುದೆಂಬುದು ಬರಿಯ ನಂಬಿಕೆ; ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಕೆಲಸ ಮಾಡುವುದೇ ಉಪಾಯ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗಕ್ಕೆ ಬೆಸುಗೆ ಹಾಕಲೇಬೇಡಿ. ಆಗ ಫಾಸ್ಜೀನ್ ಎಂಬ ಪ್ರಾಣಘಾತಕ ವಿಷಾನಿಲ ಹುಟ್ಟಬಹುದು. ಕಣ್ಣಿಗೆ ಬರಿಯ ಕಪ್ಪು ಕನ್ನಡಕ ಸಾಲದು. 10 ಅಥವಾ 11ನೆಯ ಸಂಖ್ಯೆಯ ಗಾಜಿರುವ ಮುಖಕವಚ ಬೇಕು. ನೋಡುತ್ತ ನಿಲ್ಲುವ ಮಕ್ಕಳನ್ನು ದೂರ ಕಳುಹಿಸಿ.

ನಮ್ಮ ಕೊಟ್ಟಿಗೆಗಳಲ್ಲಿ ಗೋಣಿಚೀಲ, ಅಡಿಕೆ ಸಿಪ್ಪೆ, ಕಾಫಿ ಹೊಟ್ಟು, ಸೋಗೆ ಇರುವುದು ಸಹಜ. ಇವುಗಳಲ್ಲಿ ಬಿದ್ದ ಕಿಡಿ ಒಡನೆ ಉರಿಯದೆ ಒಳಗೊಳಗೇ ಕನಲುತ್ತಿರುತ್ತದೆ. ಗಾಡಿಯನ್ನು ಬಯಲಿಗೆ ತನ್ನಿ. ಮ್ಯಾಟ್, ಸೀಟು ಕಳಚಿ. ನೀರು, ಮರಳು, ಬೆಂಕಿ ಆರಿಸುವ ಸಾಧನ ಹತ್ತಿರವಿರಲಿ. ಕೆಲಸ ಮುಗಿದ ಮೇಲೆ ಕನಿಷ್ಠ ಒಂದು ಗಂಟೆ ಗಾಡಿಯ ಬಳಿ ಒಬ್ಬರು ಕಾವಲಿರಬೇಕು.

ಪೆಟ್ರೋಲ್ ಟ್ಯಾಂಕಿನ ಮಾತು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರಿಂದ ಜಾವಾ, 1973ರಿಂದ ಯೆಜ್ಡಿ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಹಳೆಯ ಗಾಡಿಗಳು ಇಂದಿಗೂ ಓಡುತ್ತಿರುವುದು ಅಕ್ಕರೆಯಿಂದ ಸಾಕುವ ಒಡೆಯರಿಂದ ಮತ್ತು ಹಳೆಯ ಮೆಕ್ಯಾನಿಕ್‌ಗಳ ಕೈಗುಣದಿಂದ. ನಮ್ಮಲ್ಲಿಯೂ ಕೆಲವರ ಮನೆಯಲ್ಲಿ ಇಂತಹ ಗಾಡಿ ಇದ್ದು, ಅದರ ಟ್ಯಾಂಕ್ ತುಕ್ಕಿಗೆ ತೂತಾಗಿರಬಹುದು. ಪೆಟ್ರೋಲ್ ಪೂರ್ತಿ ಸುರಿದು ಖಾಲಿ ಮಾಡಿದರೆ ಅಪಾಯ ಕಳೆಯಿತೆಂದು ಭಾವಿಸಕೂಡದು. ಸಿಡಿಯುವುದು ದ್ರವವಲ್ಲ, ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇಕಡ 1.4ರಿಂದ 7.6ರಷ್ಟಿದ್ದರೆ ಒಂದೇ ಕಿಡಿ ಸಾಕು. ಖಾಲಿ ಟ್ಯಾಂಕಿನಲ್ಲಿ ಇಂತಹ ಮಿಶ್ರಣ ಉಳಿದಿರುವುದು ಸುಲಭ. ಟ್ಯಾಂಕನ್ನು, ಅದು ಬೈಕಿನದಿರಲಿ, ಜೀಪಿನದಿರಲಿ, ಸ್ಪ್ರೇ ಪಂಪಿನದಿರಲಿ, ಮನೆಯಲ್ಲಿ ಮುಟ್ಟಬೇಡಿ. ಅದನ್ನು ಶುದ್ಧಿಗೊಳಿಸಿ ಬೆಸೆಯಬಲ್ಲವರಿಗೇ ಒಪ್ಪಿಸಿ, ಇಲ್ಲವೇ ಹೊಸದು ಕೊಳ್ಳಿ. ಟ್ಯಾಂಕ್ ಮತ್ತು ಪೆಟ್ರೋಲ್ ಪೈಪುಗಳ ಸಮೀಪದ ತಗಡಿಗೂ ಇದೇ ನಿಯಮ.

ವರ್ಷಕ್ಕೆ ಒಂದೆರಡು ಬಾರಿ ಬೇಕಾಗುವ ಈ ಯಂತ್ರವನ್ನು ಅಕ್ಕಪಕ್ಕದ ಮೂರು ನಾಲ್ಕು ಬೆಳೆಗಾರರು ಕೂಡಿ ಕೊಂಡರೆ ಖರ್ಚು ಹಂಚಿಹೋಗುತ್ತದೆ, ಕೈಯೂ ಪಳಗುತ್ತದೆ. ಮನೆಯಲ್ಲಿ ಐ.ಟಿ.ಐ. ಕಲಿತ ಹುಡುಗರಿದ್ದರೆ ಕೆಲಸ ಅವರ ಕೈಗಿರಲಿ. ತಗಡಿಗೆ ಧೈರ್ಯವಾಗಿ ಬೆಸುಗೆ ಹಾಕಿ, ಜೀವ ಹೊರುವ ಅಂಗಗಳನ್ನು ಬಲ್ಲವರಿಗೆ ಬಿಡಿ ಎಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.